ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ

2023ರ ವಿಧಾನಸಭೆ ಚುನಾವಣೆಯಲ್ಲಿ ಹಾವೇರಿ ಜಿಲ್ಲೆಯ ಒಬ್ಬ ಅಭ್ಯರ್ಥಿಯ ಸೋಷಿಯಲ್ ಮೀಡಿಯಾ ನೋಡಿಕೊಂಡೆ. ಈಗ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮಾಡಿ ಮಾರುವ ಒಂದು ಮನೆಯವರ ಪ್ರಚಾರ ನೋಡುತ್ತೇನೆ. ಎರಡೂ ಕಡೆ ನಾನು ಬೆನ್ನು ಹತ್ತಿದ್ದು ಒಂದೇ ಕೆಲಸಕ್ಕೆ: ಜನ ನಮ್ಮ ನಂಬರನ್ನು ತಾವಾಗಿಯೇ ಸೇವ್ ಮಾಡಿಕೊಳ್ಳಬೇಕು.

ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್‌ನ ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ. ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ಮುಟ್ಟುತ್ತದೆ. ಸ್ಟೇಟಸ್ ಕಾಣಬೇಕೆಂದರೂ ಎರಡೂ ಕಡೆ ನಂಬರ್ ಇರಬೇಕು. ಬೂತಿಗೊಂದು ಗ್ರೂಪ್ ನಮ್ಮಲ್ಲೂ ಇತ್ತು. ಪೋಸ್ಟರ್, ಗುಡ್ ಮಾರ್ನಿಂಗ್ ತುಂಬಿ ಜನ ಅದನ್ನು ಮ್ಯೂಟ್ ಮಾಡಿಬಿಟ್ಟಿದ್ದರು. ತುಂಬ ಸಲ ಫಾರ್ವರ್ಡ್ ಆದ ಮೆಸೇಜನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬರುತ್ತದೆ. ಹಾಗಾಗಿ ಫಾರ್ವರ್ಡ್ ನಂಬಿ ಸುಮ್ನೆ ಕೂರುವಂತಿರಲಿಲ್ಲ.

ಅಭ್ಯರ್ಥಿ ಕೈ ಮುಗಿದು ಮುಂದಿನ ಓಣಿಗೆ ಹೋದ ಮೇಲೂ ನಮ್ಮ ಹುಡುಗರು ಅಲ್ಲೇ ಉಳಿಯುತ್ತಿದ್ದರು. "ಅಕ್ಕಾರ, ನೀರಿನ ತ್ರಾಸ ಇದ್ರ ಈ ನಂಬರಿಗೆ ವಾಯ್ಸ್ ಹಾಕ್ರಿ" ಅನ್ನುತ್ತಿದ್ದರು. ಬರೆಯಲು ಬಾರದವರೂ ಮಾತಾಡಿ ಕಳಿಸಿದರು. "ನಳಾ ರಾತ್ರಿ ಬಿಡ್ತಾರ, ಹೊಲದಾಗ ದುಡುದು ಬಂದಾವ್ರು ಎಷ್ಟೊತ್ತನಕ ಎಚ್ಚರ ಇರೂದ್ರಿ?" ಎಂದು ಒಬ್ಬ ಅಜ್ಜಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಅಭ್ಯರ್ಥಿ ಅದೇ ನಳದ ಮುಂದೆ ನಿಂತು, ಓಣಿಯ ಹೆಸರು ಹೇಳಿ, ಅಜ್ಜಿಗೇ ಉತ್ತರ ಕೊಟ್ಟರು. ಆಗ ಸ್ಟೇಟಸ್ ವಿಡಿಯೊಗೆ 30 ಸೆಕೆಂಡು ಮಿತಿ. ಅಷ್ಟರಲ್ಲೇ ಮುಗಿಸಿದೆವು. ಅಕ್ಕಪಕ್ಕದ ಮನೆಯವರೇ ಅದನ್ನು ತಮ್ಮ ಸ್ಟೇಟಸ್‌ಗೆ ಹಾಕಿಕೊಂಡರು. ಸ್ಟುಡಿಯೋದಲ್ಲಿ ಮಾಡಿಸಿದ ಪ್ರಚಾರದ ಹಾಡಿಗಿಂತ ಇದೇ ಜಾಸ್ತಿ ಓಡಾಡಿತು.

ಚುನಾವಣೆಯ ಖರ್ಚಿನ ಲೆಕ್ಕ ಮಾತ್ರ ಬಿಗಿ. ಕಾಸು ಕೊಟ್ಟು ಹಾಕುವ ಜಾಹೀರಾತಿಗೆ ಮೊದಲೇ ಎಂಸಿಎಂಸಿ, ಅಂದರೆ ಚುನಾವಣಾ ಜಾಹೀರಾತು ನೋಡಿ ಪ್ರಮಾಣೀಕರಿಸುವ ಸಮಿತಿಯ, ಒಪ್ಪಿಗೆ ಬೇಕು. ಹುಡುಗರ ಸಂಬಳವೂ ಅಭ್ಯರ್ಥಿಯ 40 ಲಕ್ಷ ರೂಪಾಯಿ ಮಿತಿಯೊಳಗೇ ಬರುತ್ತದೆ.

ಆ ಚುನಾವಣೆಯ ಹೊತ್ತಿನಲ್ಲೇ, ಏಪ್ರಿಲ್‌ನಲ್ಲಿ, ಬೆಂಗಳೂರಿಗೆ ಹಾಲು, ಮೊಸರು ತರುತ್ತೇವೆ ಎಂದು ಅಮುಲ್ ಒಂದು ಟ್ವೀಟ್ ಹಾಕಿತು. ನೋಡುನೋಡುತ್ತಲೇ ನಂದಿನಿ ಚುನಾವಣೆಯ ವಿಷಯವಾಯಿತು. ವ್ಯಾಪಾರದ ಮಾತು ಯಾವುದು, ರಾಜಕೀಯದ ಮಾತು ಯಾವುದು ಅಂತ ಫೋನಿನಲ್ಲಿ ಗೆರೆ ಎಳೆಯೋಕೆ ಆಗಲ್ಲ ಎಂದು ನನಗೆ ಆಗಲೇ ಅನಿಸಿತ್ತು.

ಮೆಣಸಿನಕಾಯಿಗೂ ದೊಡ್ಡ ಜಾಹೀರಾತು ಬೇಡ ಎಂದೆ. "ಬಣ್ಣ ಬೆರೆಸ್ತೀರಾ?" ಎಂದು ಗಿರಾಕಿಗಳು ಕೇಳುತ್ತಿದ್ದರು. ಮನೆಯ ಹಿರಿಯಾಕೆ ತೊಟ್ಟು ಬಿಡಿಸುತ್ತಲೇ ಸ್ಟೇಟಸ್ ವಿಡಿಯೊದಲ್ಲಿ ಅದಕ್ಕೆ ಉತ್ತರ ಕೊಟ್ಟರು: ಸುಕ್ಕುಸುಕ್ಕಾದ ಗಿಡ್ಡ ಕಾಯಿ ಡಬ್ಬಿ, ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಡಬ್ಬಿಗೆ ಬಣ್ಣ ಜಾಸ್ತಿ. ಕೆಲವರು ಬರೀ ಡಬ್ಬಿಯದೇ ಪುಡಿ ಬೇಕು ಎಂದು ಕೇಳತೊಡಗಿದರು.

ಚುನಾವಣೆಯ ಪಟ್ಟಿಯ ಒಂದು ನಂಬರನ್ನೂ ಇಲ್ಲಿಗೆ ತರಲಿಲ್ಲ. ನೀರಿನ ಕಷ್ಟ ಹೇಳಿಕೊಂಡವರಿಗೆ ಖಾರದಪುಡಿ ಮಾರುವುದು ನಂಬಿಕೆಗೆ ಎರಡು ಬಗೆದಂತೆ ಅಲ್ವಾ? ಪ್ಯಾಕೆಟ್ ಮೇಲೆ ನಂಬರ್ ಅಚ್ಚು ಹಾಕಿಸಿದೆವು. ಕೊಂಡವರು ತಾವೇ ಮೆಸೇಜ್ ಮಾಡಿದರೆ ಮಾತ್ರ ಪಟ್ಟಿಗೆ ಸೇರಿಸುತ್ತೇವೆ. ಪಟ್ಟಿ ನಿಧಾನಕ್ಕೆ ಬೆಳೆಯುತ್ತಿದೆ. ಹೊಸ ಕಾಯಿ ಬಂದಾಗ ಮೊದಲ ಆರ್ಡರ್‌ಗಳು ಬರುವುದು ಅಲ್ಲಿಂದಲೇ.