ತಿಥಿ ನೋಡಿ ಅಂಡಮಾನಿಗೆ ಹೊರಡಿ: ದಂಪತಿಗಳಿಗೊಂದು ಪ್ರವಾಸ ಕೈಪಿಡಿ

ಅಂಡಮಾನಿಗೆ ಹೊರಡುವ ದಂಪತಿಗಳಲ್ಲಿ ಹೆಚ್ಚಿನವರು ಮೊದಲು ರಜೆ ಗೊತ್ತುಮಾಡಿಕೊಂಡು, ಆಮೇಲೆ ವಿಮಾನದ ದರ ನೋಡಿ, ಕೊನೆಗೆ ಯಾವುದಾದರೂ ಪ್ಯಾಕೇಜಿಗೆ ಒಪ್ಪಿಕೊಳ್ಳುತ್ತಾರೆ. ಈ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಿ ಎಂಬುದು ನನ್ನ ಸಲಹೆ. ಟಿಕೆಟ್ ತೆಗೆಯುವ ಮೊದಲು ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳು ಯಾವ ದಿನ ಬರುತ್ತವೆ ಎಂದು ನೋಡಿಕೊಳ್ಳಿ. ಇದು ಶುಭ ಅಶುಭಗಳ ಮಾತಲ್ಲ. ಆ ಎರಡು ತಿಥಿಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡುವುದರಿಂದ ಸಮುದ್ರದ ನೀರು ಅತಿ ಹೆಚ್ಚು ಏರುತ್ತದೆ, ಅಷ್ಟೇ ದೂರ ಹಿಂದೆಯೂ ಸರಿಯುತ್ತದೆ. ಅಷ್ಟಮಿಯ ಸುಮಾರಿಗೆ ಈ ಏರಿಳಿತ ತೀರ ಕಡಿಮೆ. ಅಂಡಮಾನಿನಲ್ಲಿ ಕಾಣಸಿಗುವ ಜೀವಿಗಳಲ್ಲಿ ಅರ್ಧಕ್ಕರ್ಧ ನಿಮ್ಮ ಕಣ್ಣಿಗೆ ಬೀಳುವುದೂ ಬೀಳದಿರುವುದೂ ನೀರು ಎಷ್ಟು ಇಳಿದಿದೆ, ಬೆಳಕು ಎಷ್ಟಿದೆ ಎಂಬುದನ್ನೇ ಅವಲಂಬಿಸಿದೆ. ಅಮಾವಾಸ್ಯೆಗೆ ಎರಡು ದಿನ ಮುಂಚೆ ದ್ವೀಪ ತಲುಪುವಂತೆ ಯೋಜಿಸಿದರೆ ದೊಡ್ಡ ಇಳಿತವೂ ಸಿಗುತ್ತದೆ, ಕತ್ತಲೆಯ ರಾತ್ರಿಯೂ ಸಿಗುತ್ತದೆ. ಕತ್ತಲೆ ಏಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಋತು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಕಡಲು ಒರಟಾಗಿ ದ್ವೀಪಗಳ ನಡುವಿನ ಹಡಗುಗಳು ರದ್ದಾಗುವುದು ಸಾಮಾನ್ಯ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಭಯವಿರುತ್ತದೆ. ಆದ್ದರಿಂದ ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಅವಧಿಯೇ ಎಲ್ಲಕ್ಕಿಂತ ಒಳ್ಳೆಯದೆಂದು ನಾನು ಹೇಳುತ್ತೇನೆ. ಆಗ ನೀರು ತಿಳಿಯಾಗಿರುತ್ತದೆ, ಗಾಳಿ ಕಡಿಮೆಯಿರುತ್ತದೆ, ಕಡಲಾಮೆಗಳು ಮೊಟ್ಟೆಯಿಡುವ ಕಾಲವೂ ಪೂರ್ತಿ ಮುಗಿದಿರುವುದಿಲ್ಲ.

ಹೆಸರುಗಳ ವಿಷಯದಲ್ಲಿ ಗೊಂದಲ ಬೇಡ. ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು 2018ರ ಡಿಸೆಂಬರ್‌ನಲ್ಲಿ ಮರುನಾಮಕರಣವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಹಡಗಿನ ಟಿಕೆಟಿನಲ್ಲಿ ಒಂದು ಹೆಸರು, ಆಟೋದವರ ಬಾಯಲ್ಲಿ ಇನ್ನೊಂದು ಹೆಸರು ಬಂದರೂ ಊರು ಒಂದೇ.

ಒಂದು ವಾರ ಇದ್ದರೆ ಶ್ರೀ ವಿಜಯ ಪುರಂ, ಹ್ಯಾವ್ಲಾಕ್, ನೀಲ್, ಈ ಮೂರೇ ಸಾಕು. ನೀಲ್‌ನಲ್ಲಿ ಎರಡು ರಾತ್ರಿ, ಹ್ಯಾವ್ಲಾಕ್‌ನಲ್ಲಿ ಮೂರು ರಾತ್ರಿ ಉಳಿಯಿರಿ. ವಿಮಾನ ಹತ್ತುವ ಹಿಂದಿನ ರಾತ್ರಿಯನ್ನು ಮಾತ್ರ ಕಡ್ಡಾಯವಾಗಿ ಶ್ರೀ ವಿಜಯ ಪುರದಲ್ಲೇ ಕಳೆಯಿರಿ, ಏಕೆಂದರೆ ಹವಾಮಾನ ಕೆಟ್ಟು ಹಡಗು ನಿಂತರೆ ದ್ವೀಪದಿಂದ ಹೊರಬರಲು ಬೇರೆ ಸುಲಭದ ದಾರಿಯಿಲ್ಲ. ಬೆಳಿಗ್ಗೆ ಒಂದು ದ್ವೀಪ, ಸಂಜೆ ಇನ್ನೊಂದು ಎಂದು ಓಡಿಸುವ ಪ್ಯಾಕೇಜುಗಳಲ್ಲಿ ಇಳಿತದ ಹೊತ್ತು ಹಡಗಿನಲ್ಲೇ ಕಳೆದುಹೋಗುತ್ತದೆ.

ಗಡಿಯಾರದ ವಿಷಯವನ್ನೂ ಇಲ್ಲೇ ಹೇಳಬೇಕು. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಆದರೆ ಗಡಿಯಾರ ಮಾತ್ರ ಅದೇ ಭಾರತೀಯ ಸಮಯ ತೋರಿಸುತ್ತದೆ. ಹೀಗಾಗಿ ಅಲ್ಲಿ ಸೂರ್ಯ ನಮ್ಮಲ್ಲಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲು ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದೂವರೆಯೊಳಗೆ ಎಲ್ಲ ಮುಗಿದಿರುತ್ತದೆ. ಸೂರ್ಯಾಸ್ತಕ್ಕೆಂದು ಆರು ಗಂಟೆಗೆ ಹ್ಯಾವ್ಲಾಕ್‌ನ ರಾಧಾನಗರ ತೀರಕ್ಕೆ ಹೋದವರಿಗೆ ಸಿಗುವುದು ಕತ್ತಲೆ. ನಾಲ್ಕು ಗಂಟೆಗೇ ಅಲ್ಲಿರಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಆ ತೀರದ ಹಿಂಬದಿಯಲ್ಲಿ ಎತ್ತರದ ಮರಗಳ ಕಾಡಿದೆ. ಮರಳ ಮೇಲೆ ಜನ ಸೇರಿದಷ್ಟೂ ಬಲಗಡೆಗೆ ನಡೆಯುತ್ತ ಹೋದರೆ ಇಬ್ಬರೇ ಕೂತಿರುವಷ್ಟು ಏಕಾಂತ ಸಿಗುತ್ತದೆ. ಆದರೆ ಆ ದಿಕ್ಕಿನ ತುದಿಯಲ್ಲಿರುವ ನೀಲ್ಸ್ ಕೋವ್ ಎಂಬ ಕೊಲ್ಲಿಯಲ್ಲಿ ನೀರಿಗಿಳಿಯಬೇಡಿ. 2010ರಲ್ಲಿ ಅಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು.

ನೀಲ್ ದ್ವೀಪದ ಇಳಿತ

ನೀಲ್‌ನ ಲಕ್ಷ್ಮಣಪುರದಲ್ಲಿ ಹವಳದ ಬಂಡೆ ಕೊರೆದು ಆದ ಸಹಜ ಕಮಾನೊಂದಿದೆ. ಜನ ಅಲ್ಲಿಗೆ ಹೋಗಿ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ನಿಜವಾಗಿ ನೋಡಬೇಕಾದದ್ದು ಕಮಾನಿನ ಕಾಲಬುಡದಲ್ಲಿದೆ. ನೀರು ಹಿಂದೆ ಸರಿದಾಗ ಬಂಡೆಯ ಗುಂಡಿಗಳಲ್ಲಿ ಮೊಣಕಾಲಿಗೂ ಬಾರದಷ್ಟು ನೀರು ಉಳಿದುಕೊಳ್ಳುತ್ತದೆ. ಅಂಥ ಒಂದು ಗುಂಡಿಯ ಪಕ್ಕ ಇಬ್ಬರೂ ಕುಕ್ಕರಗಾಲಲ್ಲಿ ಕೂತು, ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಂಡು, ಹತ್ತು ನಿಮಿಷ ಅಲುಗಾಡದಿರಿ. ಮೊದಲ ಎರಡು ನಿಮಿಷ ಬರಿಯ ಕಲ್ಲು ಕಾಣುತ್ತದೆ. ಆಮೇಲೆ ಕಲ್ಲೆಂದು ತಿಳಿದಿದ್ದ ಒಂದು ತುಂಡು ಏಡಿಯಾಗಿ ಪಕ್ಕಕ್ಕೆ ಸರಿಯುತ್ತದೆ. ಬಂಡೆಯ ಸಂದಿಯಲ್ಲಿ ನೀಲಿ, ಹಸಿರು ತುಟಿಗಳಂತೆ ತೆರೆದಿದ್ದ ದೊಡ್ಡ ಚಿಪ್ಪಿನ ಬಾಯಿ ನಿಮ್ಮ ಕೈಯ ನೆರಳು ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಕಪ್ಪಗೆ ಬಿದ್ದಿರುವ ಸಮುದ್ರ ಸೌತೆ ಎಂಬ ಮೆತ್ತನೆಯ ಪ್ರಾಣಿ ಮರಳನ್ನು ನುಂಗಿ, ಅದರಲ್ಲಿರುವ ಆಹಾರವನ್ನು ಹೀರಿಕೊಂಡು, ಶುದ್ಧವಾದ ಮರಳನ್ನು ಹಿಂದಿನಿಂದ ಬಿಡುತ್ತಿರುತ್ತದೆ.

ಮಾರ್ಗದರ್ಶಕರೊಬ್ಬರನ್ನು ಕರೆದುಕೊಳ್ಳುವುದು ಒಳ್ಳೆಯದು, ಅವರ ಕಣ್ಣು ಪಳಗಿರುತ್ತದೆ. ಆದರೆ ಜೀವಿಗಳನ್ನು ಎತ್ತಿ ಅಂಗೈಯಲ್ಲಿಟ್ಟು ತೋರಿಸುವ ಅಭ್ಯಾಸ ಕೆಲವರಿಗಿದೆ. "ಅಣ್ಣಾ, ಎತ್ತಬೇಡಿ, ಇದ್ದಲ್ಲೇ ತೋರಿಸಿ" ಎಂದು ಮೊದಲೇ ಹಿಂದಿಯಲ್ಲೋ ತಮಿಳಿನಲ್ಲೋ ವಿನಯದಿಂದ ಹೇಳಿಬಿಡಿ. ಸಮುದ್ರ ಸೌತೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿ. ದಿನಕ್ಕೆ ನೂರಾರು ಕೈಗಳನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಬರಿಗಾಲಲ್ಲಿ ಬಂಡೆಯ ಮೇಲೆ ನಡೆಯಬೇಡಿ. ಹಿಂದೆ ಪಟ್ಟಿಯಿರುವ, ಒದ್ದೆಯಾದರೂ ಜಾರದ ಚಪ್ಪಲಿ ಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಹೊತ್ತನ್ನೇ ನಂಬಿ ಹೊರಡದೆ, ತಂಗಿದ ಮನೆಯವರನ್ನು ಕೇಳಿ ಅಥವಾ ಉಬ್ಬರವಿಳಿತದ ಪಟ್ಟಿ ನೋಡಿ, ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲು ಅಲ್ಲಿಗೆ ತಲುಪಿ. ನೀರು ತಿರುಗಿದ ಕೂಡಲೇ ದಡಕ್ಕೆ ಮರಳಿ.

ಇಲ್ಲಿ ತರಕಾರಿ ಬೆಳೆಯುತ್ತಾರೆ. ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ.

ಹವಳದ ನಡುವೆ

ಹ್ಯಾವ್ಲಾಕ್‌ನಲ್ಲಿ ಈಜು ಬಾರದವರೂ ತರಬೇತುದಾರರ ಜೊತೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವ ಸ್ಕೂಬಾ ಡೈವ್ ಮಾಡಬಹುದು. ಮೊದಲ ಸಲದ ಡೈವ್ 12 ಮೀಟರ್ ಆಳವನ್ನು ಮೀರುವುದಿಲ್ಲ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಸೋಂಕು ಇದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಗರ್ಭಿಣಿಯರು ಡೈವ್ ಮಾಡಲೇಬಾರದು. ಇಬ್ಬರಲ್ಲಿ ಒಬ್ಬರಿಗೆ ಭಯವಿದ್ದರೆ ಒತ್ತಾಯ ಬೇಡ, ಮೇಲೆ ತೇಲುತ್ತ ಮುಖವಾಡ ಹಾಕಿ ನೋಡುವ ಸ್ನಾರ್ಕಲಿಂಗ್‌ನಲ್ಲೂ ಹವಳ ಚೆನ್ನಾಗಿಯೇ ಕಾಣುತ್ತದೆ. ನೀರಿನ ಭಯ ಮೊದಲೇ ಕಳೆಯಬೇಕೆಂದಿದ್ದರೆ, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲಿ ಒಂದು ಡೈವ್ ಮಾಡಿ ನೋಡಿದರೆ ಉಪಕರಣಗಳು ಅಭ್ಯಾಸವಾಗುತ್ತವೆ. ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆಯ ಅಂತರವಿರಬೇಕು. ಆಳದಲ್ಲಿ ರಕ್ತದಲ್ಲಿ ಕರಗಿದ ನೈಟ್ರೋಜನ್ ಪೂರ್ತಿ ಹೊರಹೋಗುವ ಮೊದಲು ವಿಮಾನದ ಕಡಿಮೆ ಒತ್ತಡಕ್ಕೆ ಹೋದರೆ ಅದು ಗುಳ್ಳೆಗಟ್ಟಿ ಪ್ರಾಣಕ್ಕೇ ಅಪಾಯ ತರಬಹುದು. ಹೀಗಾಗಿ ಡೈವ್ ಪ್ರವಾಸದ ನಡುವಿನ ದಿನಗಳಲ್ಲಿರಲಿ.

ನೀರಿನೊಳಗೆ ಹೋದ ಮೇಲೆ ಕಣ್ಣಿನಷ್ಟೇ ಕಿವಿಯನ್ನೂ ಬಳಸಿ. ನಿಮ್ಮದೇ ಉಸಿರಿನ ಸದ್ದು ತಗ್ಗಿದ ನಡುವೆ ಯಾರೋ ಚಕ್ಕುಲಿ ಕಡಿಯುತ್ತಿರುವಂಥ ಸದ್ದು ಕೇಳಿಸುತ್ತದೆ. ಅದು ಗಿಳಿಮೀನಿನದು. ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆಯನ್ನು ಕೆರೆದು ಪಾಚಿ ತಿಂದು, ಅರೆದ ಸುಣ್ಣವನ್ನು ಬಿಳಿ ಮರಳಾಗಿ ಹೊರಬಿಡುತ್ತದೆ. ನೀವು ದಡದಲ್ಲಿ ಬರಿಗಾಲಲ್ಲಿ ತುಳಿಯುವ ಮರಳಿನಲ್ಲಿ ಒಂದು ಪಾಲು ಅದರದೇ ಕೆಲಸ. ಹವಳ ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳ ವಸಾಹತು. ನೀರು ಬಿಸಿಯಾದಾಗ ತನಗೆ ಆಹಾರವನ್ನೂ ಬಣ್ಣವನ್ನೂ ಕೊಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2010 ಮತ್ತು 2016ರಲ್ಲಿ ಅಂಡಮಾನಿನ ಹವಳಗಳಿಗೆ ಇದೇ ಗತಿಯಾಯಿತು. ಚೇತರಿಸಿಕೊಳ್ಳುತ್ತಿರುವ ಆ ಬಂಡೆಗಳ ಮೇಲೆ ನಿಂತು ವಿಶ್ರಮಿಸುವುದು, ಚಿತ್ರಕ್ಕಾಗಿ ಕೈಯೂರುವುದು ನನಗೆ ಸಹಿಸಲಾಗದ ಸಂಗತಿ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ಪೂರ್ತಿ ತೋಳಿನ ಈಜುಡುಪು ಧರಿಸಿದರೆ ಚರ್ಮಕ್ಕೂ ಹವಳಕ್ಕೂ ಒಳ್ಳೆಯದು.

ಡುಗಾಂಗ್ ಎಂಬ ಕಡಲಹಸು ಅಂಡಮಾನಿನ ರಾಜ್ಯ ಪ್ರಾಣಿ. ಸಮುದ್ರ ಹುಲ್ಲನ್ನು ಮೇಯುವ ಈ ಸಂಕೋಚದ ಪ್ರಾಣಿ ಕಾಣಸಿಗುವುದು ತೀರ ಅಪರೂಪ. ತೋರಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ.

ಮೊಸಳೆಗಳ ಮಾತಿಗೆ ಮತ್ತೊಮ್ಮೆ ಬರುತ್ತೇನೆ. ಇಲ್ಲಿನ ಉಪ್ಪುನೀರ ಮೊಸಳೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳಲ್ಲಿ ವಾಸಿಸಿ ಕಡಲನ್ನೂ ದಾಟುತ್ತದೆ. ತೊರೆ ಸಮುದ್ರ ಸೇರುವೆಡೆ, ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನೀರಿಗಿಳಿಯದಿರುವುದು ಸರಳ ನಿಯಮ. ಎಚ್ಚರಿಕೆಯ ಫಲಕ ಕಂಡಲ್ಲಿ ವಾದ ಬೇಡ.

ಅಮಾವಾಸ್ಯೆಯ ಕತ್ತಲೆ ಬೇಕಾಗುವುದು ಹುಟ್ಟು ಹಾಕಿ ನಡೆಸುವ ಕಿರುದೋಣಿಯಾದ ಕಾಯಕ್‌ನ ಪಯಣಕ್ಕೆ. ಕೆಲವು ಸೂಕ್ಷ್ಮಜೀವಿಗಳು ನೀರು ಕದಡಿದಾಗ ನೀಲಿಯಾಗಿ ಮಿನುಗುತ್ತವೆ. ಬೆಳದಿಂಗಳಿದ್ದರೆ ಆ ಬೆಳಕು ಕಾಣಿಸುವುದಿಲ್ಲ. ಹ್ಯಾವ್ಲಾಕ್‌ನಲ್ಲಿ ಅನುಭವಸ್ಥರು ಇಬ್ಬರು ಕೂರುವ ಕಾಯಕ್‌ಗಳಲ್ಲಿ ರಾತ್ರಿ ಕರೆದೊಯ್ಯುತ್ತಾರೆ. ಜೀವರಕ್ಷಕ ಜಾಕೆಟ್ ಇಲ್ಲದೆ ಹೊರಡುವವರ ಜೊತೆ ಹೋಗಬೇಡಿ, ಮೊಬೈಲಿನ ಟಾರ್ಚ್ ಹಚ್ಚಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕಾಲು ಗಂಟೆಯಾದರೂ ಬೇಕು.

ಇನ್ನೂ ನಾಲ್ಕು ದಿನ ಇರುವವರು ಉತ್ತರದ ಡಿಗ್ಲಿಪುರಕ್ಕೆ ಹೋಗಬಹುದು. ಅಲ್ಲಿನ ಕಾಲಿಪುರ ತೀರದಲ್ಲಿ ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರ ಜೊತೆ ಮಾತ್ರ ರಾತ್ರಿ ತೀರಕ್ಕೆ ಹೋಗಿ. ಆಮೆ ಗುಂಡಿ ತೋಡುವಾಗ ದೂರವಿರಿ, ಫ್ಲ್ಯಾಶ್ ಬಳಸಬೇಡಿ, ಏಕೆಂದರೆ ಬೆದರಿದ ಆಮೆ ಮೊಟ್ಟೆಯಿಡದೆ ಕಡಲಿಗೆ ಹಿಂದಿರುಗುತ್ತದೆ. ರಸ್ತೆಗಿಂತ ಸರಕಾರಿ ಹಡಗಿನಲ್ಲಿ ಹೋಗುವುದು ಮೇಲೆನ್ನಲು ಕಾರಣವಿದೆ. ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಅರಣ್ಯದ ನಡುವೆ ಹಾಯುತ್ತದೆ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ ನೋಡಲು ದಿನವೂ ಪ್ರವಾಸಿ ವಾಹನಗಳ ಸಾಲು ಅದೇ ದಾರಿಯಲ್ಲಿ ಸಾಗುತ್ತದೆ. ಜಾರವಾ ಜನರ ಚಿತ್ರ ತೆಗೆಯುವುದು, ಅವರಿಗೆ ತಿಂಡಿ ಕೊಡುವುದು 1956ರ ಆದಿವಾಸಿ ಸಂರಕ್ಷಣಾ ನಿಯಮಾವಳಿಯಡಿ ಶಿಕ್ಷಾರ್ಹ. ಅಪರಾಧ ಮಾಡದಿದ್ದರೂ ಗಾಜಿನ ಹಿಂದಿನಿಂದ ಮನುಷ್ಯರನ್ನು ಇಣುಕಿ ನೋಡುವ ಆ ಪಯಣವನ್ನು ಬಿಟ್ಟುಬಿಡಿ ಎಂದೇ ನಾನು ಕೇಳಿಕೊಳ್ಳುತ್ತೇನೆ. ಆ ದಾರಿಯಲ್ಲಿ ಕಾಣುವ ಕಾಂಡ್ಲಾ ಕಾಡು ಹ್ಯಾವ್ಲಾಕ್‌ನಲ್ಲೂ ಇದೆ.

ಶ್ರೀ ವಿಜಯ ಪುರದ ದಿನ

ಬೆಳಿಗ್ಗೆ ದೋಣಿಯಲ್ಲಿ ರಾಸ್ ದ್ವೀಪಕ್ಕೆ ಹೋಗಿ. 1941ರ ಭೂಕಂಪದವರೆಗೂ ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಈ ದ್ವೀಪದಲ್ಲಿ ಇಂದು ಚರ್ಚಿನ ಗೋಡೆಗಳನ್ನು ಮರದ ಬೇರುಗಳು ಅಪ್ಪಿ ಹಿಡಿದಿವೆ. ಅವರು ಹೊರಗಿನಿಂದ ತಂದ ಚುಕ್ಕೆ ಜಿಂಕೆಗಳ ಸಂತತಿ ಅವುಗಳ ನಡುವೆ ಮೇಯುತ್ತದೆ. ಜಿಂಕೆಗಳು ಹತ್ತಿರ ಬರುತ್ತವೆ, ಬಿಸ್ಕತ್ತು ಕೊಡಬೇಡಿ.

ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಸೆಲ್ಯುಲರ್ ಜೈಲು. 1896ರಿಂದ 1906ರವರೆಗೆ ಕಟ್ಟಿದ ಏಳು ಕವಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಕವಲಿನ ಮುಂಭಾಗ ಇನ್ನೊಂದರ ಬೆನ್ನನ್ನು ನೋಡುವಂತೆ ಕಟ್ಟಿದ್ದರಿಂದ ಕೈದಿಗೆ ಎದುರಿನ ಕೈದಿಯ ಮುಖ ಕಾಣುತ್ತಿರಲಿಲ್ಲ. ಒಂದು ಕೋಣೆಯ ಬಾಗಿಲ ಬಳಿ ನಿಂತು ಚಿಲಕ ಎಲ್ಲಿದೆಯೆಂದು ಗಮನಿಸಿ. ಒಳಗಿನ ಕೈ ಎಷ್ಟು ಚಾಚಿದರೂ ಎಟುಕದಂತೆ ಅದನ್ನು ಪಕ್ಕದ ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. ಸಂಜೆಯ ಧ್ವನಿ ಬೆಳಕು ಕಾರ್ಯಕ್ರಮದ ಟಿಕೆಟ್ ಬೇಗ ಮುಗಿಯುತ್ತದೆ, ಮೊದಲೇ ಕಾದಿರಿಸಿ. ವಾರದ ರಜೆ ಯಾವ ದಿನವೆಂದು ಎರಡೂ ಕಡೆ ವಿಚಾರಿಸಿಕೊಳ್ಳಿ.

ಹ್ಯಾವ್ಲಾಕ್, ನೀಲ್‌ಗಳಲ್ಲಿ ಎಟಿಎಂ ವಿರಳ, ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ಕೂಡ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ. ಹಡಗಿನಲ್ಲಿ ವಾಕರಿಕೆ ಬರುವವರು ಹತ್ತುವ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಚೀಲಗಳನ್ನು ಬಿಚ್ಚಿ, ಹವಳದ ಚೂರು, ಚಿಪ್ಪು, ಮರಳು ಏನಾದರೂ ಸೇರಿದೆಯೇ ಎಂದು ಇಬ್ಬರೂ ನೋಡಿ. ವಿಮಾನ ನಿಲ್ದಾಣದ ಯಂತ್ರದಲ್ಲಿ ಅವು ಕಾಣುತ್ತವೆ, ಸತ್ತ ಹವಳವನ್ನು ಒಯ್ಯುವುದೂ ಕಾನೂನಿನ ಪ್ರಕಾರ ಅಪರಾಧವೇ.