ನೆಗಡಿ ಮಾತ್ರೆ ನುಂಗುವ ಮುನ್ನ ಸ್ಟ್ರಿಪ್ಪಿನ ಹಿಂಬದಿ ಓದಿ

ಮಳೆ ಹಿಡಿದ ವಾರದಲ್ಲಿ ಮನೆಯಲ್ಲಿ ಯಾರಿಗಾದರೂ ಮೂಗು ಸೋರಲು ಶುರುವಾದರೆ, ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋಗಿ ‘ನೆಗಡಿಗೆ ಒಂದು ಮಾತ್ರೆ ಕೊಡಿ’ ಎಂದು ಕೇಳುವುದು ನಮ್ಮೆಲ್ಲರ ರೂಢಿ. ಅಂಗಡಿಯವರು ಹತ್ತು ಮಾತ್ರೆಗಳ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ, ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಕೈಗಿಡುತ್ತಾರೆ. ತೊಂದರೆ ಶುರುವಾಗುವುದು ಆ ಕತ್ತರಿ ಆಡಿದ ಜಾಗದಲ್ಲೇ. ಮಾತ್ರೆಯಲ್ಲಿ ಏನೇನಿದೆ ಎಂಬ ವಿವರವೂ ಅವಧಿ ಮುಗಿಯುವ ತಾರೀಕೂ ಎಷ್ಟೋ ಸಲ ಉಳಿದ ಆರು ಮಾತ್ರೆಗಳ ಜೊತೆ ಅಂಗಡಿಯಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಇಡೀ ಸ್ಟ್ರಿಪ್ಪನ್ನು ಕೇಳಿ ಪಡೆಯಿರಿ. ಅಷ್ಟು ಬೇಡವೆನಿಸಿದರೆ ಕತ್ತರಿಸುವ ಮುನ್ನ ಹಿಂಬದಿಯ ಫೋಟೋವನ್ನಾದರೂ ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಅದಕ್ಕೂ ಮೊದಲು, ನಿಮಗೆ ನಿಜವಾಗಿ ಏನೇನು ತೊಂದರೆಯಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ: ಜ್ವರವೇ, ಮೈಕೈ ನೋವೇ, ಸೀನೇ, ಮೂಗು ಕಟ್ಟಿರುವುದೇ, ಒಣ ಕೆಮ್ಮೇ? ಸಂಯುಕ್ತ ಮಾತ್ರೆ ಎಂದರೆ ಇವುಗಳಲ್ಲಿ ಮೂರ್ನಾಲ್ಕಕ್ಕೆ ಒಂದೊಂದು ಔಷಧವನ್ನು ಸೇರಿಸಿ ಒತ್ತಿದ ಗುಳಿಗೆ. ಮೂಗು ಸೋರುವುದೊಂದೇ ತೊಂದರೆಯಾಗಿದ್ದಾಗ ಅಂಥ ಮಾತ್ರೆ ನುಂಗಿದರೆ, ಇಲ್ಲದ ಜ್ವರಕ್ಕೂ ಇಲ್ಲದ ನೋವಿಗೂ ಔಷಧ ತೆಗೆದುಕೊಂಡಂತಾಗುತ್ತದೆ. ಒಂದೇ ಲಕ್ಷಣವಿದ್ದರೆ ಒಂದೇ ಔಷಧ ಸಾಕು. ನೆಗಡಿಯನ್ನು ಗುಣಪಡಿಸುವ ಮಾತ್ರೆ ಯಾವುದೂ ಇಲ್ಲ. ಅದು ವೈರಾಣುವಿನಿಂದ ಬರುವ ಕಾಯಿಲೆ, ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಮಾತ್ರೆ ಕೊಡುವುದು ಅಲ್ಲಿಯವರೆಗಿನ ನೆಮ್ಮದಿಯನ್ನು ಮಾತ್ರ.

ಈಗ ಸ್ಟ್ರಿಪ್ಪನ್ನು ತಿರುಗಿಸಿ, ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನು ಓದಿ. ಮುಂಬದಿಯ ದೊಡ್ಡ ಹೆಸರು ಕಂಪನಿಯದು; ನಿಮಗೆ ಬೇಕಾದ ಹೆಸರುಗಳು ಹಿಂಬದಿಯಲ್ಲಿರುತ್ತವೆ. ನಮ್ಮಲ್ಲಿ ಸಿಗುವ ಹೆಚ್ಚಿನ ನೆಗಡಿ ಮಾತ್ರೆಗಳಲ್ಲಿ ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಇರುತ್ತದೆ, ಸೀನಿಗೂ ಸೋರುವ ಮೂಗಿಗೂ ಕ್ಲೋರ್‌ಫೆನಿರಮಿನ್ ಅಥವಾ ಸಿಟ್ರಿಜಿನ್ ಇರುತ್ತದೆ, ಕಟ್ಟಿದ ಮೂಗಿಗೆಂದು ಫಿನೈಲೆಫ್ರಿನ್ ಇರುತ್ತದೆ. ಕೆಲವದರಲ್ಲಿ ಕೆಫೀನ್ ಕೂಡ ಇರುವುದರಿಂದ ರಾತ್ರಿ ನುಂಗಿದರೆ ನಿದ್ದೆ ಕೆಡಬಹುದು. ಒಂದೇ ಬ್ರ್ಯಾಂಡಿನ ಹೆಸರಿಗೆ ‘ಪ್ಲಸ್’ ಎಂದೋ ‘ಕೋಲ್ಡ್’ ಎಂದೋ ಬಾಲ ಸೇರಿದರೆ ಒಳಗಿನ ಔಷಧವೇ ಬೇರೆಯಾಗಿರಬಹುದು, ಹಾಗಾಗಿ ಹೆಸರಿನ ಗುರುತು ನಂಬಬೇಡಿ. ಫಿನೈಲೆಫ್ರಿನ್ ಬಗ್ಗೆ ಇನ್ನೊಂದು ಮಾತು: ಬಾಯಿಯ ಮೂಲಕ ತೆಗೆದುಕೊಂಡಾಗ ಅದರಿಂದ ಕಟ್ಟಿದ ಮೂಗು ತೆರೆಯುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಲಹೆ ನೀಡುವ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು, ಅದನ್ನು ಇಂಥ ಔಷಧಗಳಿಂದ ಕೈಬಿಡಬೇಕೆಂದು 2024ರ ನವೆಂಬರಿನಲ್ಲಿ ಎಫ್‌ಡಿಎಯೇ ಪ್ರಸ್ತಾವ ಹೊರಡಿಸಿತು. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿಯೇ ಮೇಲೆಂದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ ಆಕ್ಸಿಮೆಟಜೋಲಿನ್, ಝೈಲೋಮೆಟಜೋಲಿನ್ ಡ್ರಾಪ್ಸ್ ಬೇಗ ಕೆಲಸ ಮಾಡುತ್ತವೆ ನಿಜ, ಆದರೆ ದಿನಗಟ್ಟಲೆ ಹಾಕಿಕೊಂಡರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಮೂರು ದಿನಕ್ಕೆ ನಿಲ್ಲಿಸುವುದು ಕ್ಷೇಮ.

ಇನ್ನು ಈ ಲೇಖನದ ಮುಖ್ಯ ಭಾಗ: ಪ್ಯಾರಾಸಿಟಮಾಲ್ ಲೆಕ್ಕ. ಆರೋಗ್ಯವಂತ ವಯಸ್ಕರೊಬ್ಬರು 24 ಗಂಟೆಗಳಲ್ಲಿ ಎಲ್ಲ ಮೂಲಗಳಿಂದ ಸೇರಿ 4000 ಮಿಲಿಗ್ರಾಂ ಮೀರಬಾರದು. ಮೈತೂಕ ಕಡಿಮೆಯಿರುವವರು, ಯಕೃತ್ತಿನ ತೊಂದರೆಯುಳ್ಳವರು, ದಿನವೂ ಮದ್ಯ ಕುಡಿಯುವವರು ಇದಕ್ಕಿಂತ ಕಡಿಮೆ ಪ್ರಮಾಣಕ್ಕೇ ನಿಲ್ಲಬೇಕು. ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ಈಗ ಒಂದು ಸಾಮಾನ್ಯ ದಿನವನ್ನು ನೋಡೋಣ. ಜ್ವರಕ್ಕೆಂದು ಮೂರು ಹೊತ್ತು 650ರ ಮಾತ್ರೆ, ಅಂದರೆ 1950. ನೆಗಡಿಗೆಂದು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಸಂಯುಕ್ತ ಮಾತ್ರೆ ನಾಲ್ಕು, ಅಂದರೆ 2000. ಇಷ್ಟಕ್ಕೇ 3950 ಆಯಿತು. ಅದರ ಮೇಲೆ ‘ಮೈಕೈ ನೋವು ಜಾಸ್ತಿ’ ಎಂದು ಮನೆಯ ಡಬ್ಬಿಯಲ್ಲಿದ್ದ ಅಸಿಕ್ಲೋಫಿನ್ಯಾಕ್ ಮಾತ್ರೆ ಎರಡು ನುಂಗಿದರೆ, ಅಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡ ಇರುವುದರಿಂದ, ಮೊತ್ತ 4600 ಮುಟ್ಟುತ್ತದೆ. ಮೂರು ಬೇರೆ ಬೇರೆ ಬಣ್ಣದ, ಮೂರು ಬೇರೆ ಹೆಸರಿನ ಮಾತ್ರೆಗಳು. ತೆಗೆದುಕೊಂಡವರಿಗೆ ತಾವು ಒಂದೇ ಔಷಧವನ್ನು ಮೂರು ದಾರಿಯಿಂದ ನುಂಗಿದ್ದೇವೆಂಬ ಅರಿವೇ ಇರುವುದಿಲ್ಲ. ಪ್ಯಾರಾಸಿಟಮಾಲ್ ಮಿತಿಮೀರಿದರೆ ಹಾನಿಯಾಗುವುದು ಯಕೃತ್ತಿಗೆ, ಮತ್ತು ಮೊದಲ ದಿನ ಏನೂ ಆಗದಂತೆ ಕಾಣಿಸಬಹುದು ಎಂಬುದೇ ಅದರ ಭಯಂಕರ ಗುಣ. ಲೆಕ್ಕ ತಪ್ಪಿದೆಯೆಂದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಹೋಗಿ. ಅದಕ್ಕೆ ಅಸಿಟೈಲ್‌ಸಿಸ್ಟಿನ್ ಎಂಬ ಪ್ರತ್ಯೌಷಧವಿದೆ, ಬೇಗ ಕೊಟ್ಟಷ್ಟೂ ಅದರ ಫಲ ಹೆಚ್ಚು.

ನಮ್ಮ ಮನೆಯಲ್ಲಿ ಇದಕ್ಕೊಂದು ಸರಳ ಕ್ರಮ ಇಟ್ಟುಕೊಂಡಿದ್ದೇವೆ. ಫ್ರಿಜ್ಜಿನ ಬಾಗಿಲಿಗೆ ಕಾಗದವೊಂದನ್ನು ಅಂಟಿಸಿ, ನುಂಗಿದ ಗಂಟೆ, ಮಾತ್ರೆಯ ಹೆಸರು, ಅದರಲ್ಲಿರುವ ಪ್ಯಾರಾಸಿಟಮಾಲ್ ಪ್ರಮಾಣ ಈ ಮೂರನ್ನು ಆಗಲೇ ಬರೆಯುತ್ತೇವೆ. ಜ್ವರದಲ್ಲಿ ಮಲಗಿದವರಿಗೆ ಹಿಂದಿನ ಮಾತ್ರೆ ಮಧ್ಯಾಹ್ನ ಎರಡಕ್ಕೋ ನಾಲ್ಕಕ್ಕೋ ಎಂಬುದು ನೆನಪಿರುವುದಿಲ್ಲ, ಮಾತ್ರೆ ಕೊಟ್ಟವರೂ ಒಬ್ಬರೇ ಆಗಿರುವುದಿಲ್ಲ.

ಮುಂದಿನ ಹೆಜ್ಜೆ, ಈ ಮಾತ್ರೆ ನಿಮಗೆ ಒಗ್ಗುತ್ತದೆಯೇ ಎಂದು ನೋಡುವುದು. ಫಿನೈಲೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುವಂಥದ್ದು. ಬಿಪಿ ಅಥವಾ ಹೃದ್ರೋಗ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಕ್ಲೋರ್‌ಫೆನಿರಮಿನ್ ನಿದ್ದೆ ತರಿಸುತ್ತದೆ, ನುಂಗಿ ಬೈಕ್ ಹತ್ತಬೇಡಿ, ಅದರ ಜೊತೆ ಮದ್ಯವಂತೂ ಬೇಡವೇ ಬೇಡ. ಪ್ರಾಸ್ಟೇಟ್ ದೊಡ್ಡದಾಗಿರುವ ಹಿರಿಯರಿಗೆ ಇದರಿಂದ ಮೂತ್ರ ಕಟ್ಟಿಕೊಳ್ಳಬಹುದು, ಗ್ಲಾಕೋಮಾ ಇರುವವರ ಕಣ್ಣಿನ ಒತ್ತಡ ಏರಬಹುದು. ಗರ್ಭಿಣಿಯರು, ದಿನವೂ ಬೇರೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿಯೇ ಮುಂದುವರಿಯಬೇಕು.

ಮಕ್ಕಳಿಗೆ ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ಲಿನ ಮೇಲೆ ಮುದ್ರಿಸಲು ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಸೂಚಿಸಿದ್ದಾರೆ. ಬರಿಯ ಪ್ಯಾರಾಸಿಟಮಾಲ್ ಕೊಡುವಾಗಲೂ ಬಾಟಲಿಯನ್ನು ಎರಡು ಸಲ ನೋಡಿ: ಎಳೆ ಕೂಸುಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಸುರಿದರೆ ಮಗುವಿಗೆ ಹಲವು ಪಟ್ಟು ಹೆಚ್ಚು ಔಷಧ ಹೋಗುತ್ತದೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರು ಬರೆದುಕೊಡಲಿ, ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬಂದ ಅಳತೆ ಕಪ್ಪನ್ನೇ ಬಳಸಿ. ಕೆಮ್ಮಿಗೆ ಜೇನು ನೆಕ್ಕಿಸುವವರು ಒಂದು ವರ್ಷ ತುಂಬುವವರೆಗೆ ಕಾಯಬೇಕು.

ಕೊನೆಯದಾಗಿ, ಯಾವಾಗ ನಿಲ್ಲಿಸಬೇಕೆಂಬುದು. ಜ್ವರ ಮೂರು ದಿನ ದಾಟಿದರೆ, ಉಸಿರಾಟ ಕಷ್ಟವಾದರೆ, ಎದೆ ನೋವು, ಗೊಂದಲ, ನಿಲ್ಲದ ವಾಂತಿ ಕಂಡರೆ ಮಾತ್ರೆಯ ಮೇಲೆ ಭಾರ ಹಾಕಿ ಕೂರಬೇಡಿ. ಮಳೆಗಾಲದ ನಮ್ಮ ಜ್ವರ ಡೆಂಗಿಯೂ ಆಗಿರಬಹುದು. ಕರ್ನಾಟಕ ಸರ್ಕಾರ 2024ರಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದೂ ಇದೆ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್ ಇರುವ ಯಾವ ಮಾತ್ರೆಯನ್ನೂ ಮುಟ್ಟಬೇಡಿ, ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರ ಬಳಿಗೆ ಹೋಗುವಾಗ ‘ಏನೋ ಬಿಳಿ ಮಾತ್ರೆ ತೆಗೆದುಕೊಂಡೆ’ ಎನ್ನುವಂತಾಗದಿರಲು, ಖಾಲಿಯಾದ ಸ್ಟ್ರಿಪ್ಪುಗಳನ್ನೂ ಫ್ರಿಜ್ಜಿನ ಮೇಲಿನ ಆ ಕಾಗದವನ್ನೂ ಒಂದು ಕವರಿಗೆ ಹಾಕಿ ಜೊತೆಗೆ ಒಯ್ಯಿರಿ.