ಎರೆ ಮಣ್ಣಿನ ಮೇಲೆ ಒಂದು ಮನೆಯಂಗಳ: ನನ್ನ ಅನುಭವ

ಕಲಬುರಗಿಯಲ್ಲಿ ಮನೆಗಳ ಅಂಗಳ, ಕೈತೋಟ ವಿನ್ಯಾಸ ಮಾಡುವುದು ನನ್ನ ಕೆಲಸ. ಸೇಡಂ ರಸ್ತೆ ಕಡೆಯ ಹೊಸ ಬಡಾವಣೆಯ ಒಂದು ಮನೆಯ ಕೆಲಸವನ್ನು ಇಲ್ಲಿ ಮೊದಲಿಂದ ಹೇಳುತ್ತೇನೆ. ನಿವೃತ್ತ ಉಪನ್ಯಾಸಕರ ಮನೆ ಅದು. ಗಂಡ, ಹೆಂಡತಿ, ಜೊತೆಗೆ ಅವರ ತಾಯಿ. ಸೈಟು 60 ಅಡಿಗೆ 80 ಅಡಿ, ಪೂರ್ವ ದಿಕ್ಕಿನ ಬಾಗಿಲು. ಮನೆ ಬಿಟ್ಟು ಉಳಿದ ಜಾಗ 2,880 ಚದರಡಿ.

"ಮುಂದ ಪೂರಾ ಲಾನ್ ಮಾಡಿಬಿಡ್ರಿ" ಅಂದರು ಸರ್. ನಾನು ಆಗಲೇ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮೊದಲ ದಿನ ನಾನು ಗಿಡದ ಮಾತೇ ಎತ್ತುವುದಿಲ್ಲ. ಸಂಜೆ ಎಲ್ಲಿ ಕೂಡುತ್ತೀರಿ, ಬಟ್ಟೆ ಎಲ್ಲಿ ಒಣಹಾಕುತ್ತೀರಿ, ಬೋರ್‌ವೆಲ್ ಮೇ ತಿಂಗಳಲ್ಲಿ ಎಷ್ಟು ಹೊತ್ತು ಓಡುತ್ತದೆ, ಗಿಡಕ್ಕೆ ನೀರು ಹಾಕುವವರು ಯಾರು ಅಂತ ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ಅರ್ಧ ವಿನ್ಯಾಸ ನಿಂತಿರುತ್ತದೆ. ಈ ಮನೆಯಲ್ಲಿ ಬೋರ್ ಬೇಸಿಗೆಯಲ್ಲಿ ಒಂದು ತಾಸಿಗೆ ಮೇಲೆ ನಡೆಯುತ್ತಿರಲಿಲ್ಲ. ನೀರಲ್ಲಿ ಉಪ್ಪಿನಂಶವೂ ಜಾಸ್ತಿ. ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟಿತ್ತು.

ಎರಡನೇ ಭೇಟಿ ಅಳತೆಗೆ. ಟೇಪ್ ಹಿಡಿದು ಮನೆ, ಕಂಪೌಂಡ್, ಚೇಂಬರ್, ಸಂಪು, ಇದ್ದ ಒಂದು ಬೇವಿನ ಮರ, ಎಲ್ಲವನ್ನೂ ಹಾಳೆಗೆ ಇಳಿಸಿದೆ. ಆಮೇಲೆ ಮಟ್ಟ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು. ಹಿಡಿದು ನೋಡಿದರೆ ರಸ್ತೆಯೇ ಅಂಗಳಕ್ಕಿಂತ 4 ಇಂಚು ಮೇಲಿತ್ತು! ಮನೆ ಕಟ್ಟಿದ ಮೇಲೆ ಡಾಂಬರು ಏರುತ್ತಾ ಹೋಗಿತ್ತು. ಮಳೆ ಬಂದರೆ ಬೀದಿ ನೀರು ಗೇಟಿನಿಂದ ಸೀದಾ ಒಳಗೆ. ಇದನ್ನು ನೋಡದೆ ಗಿಡ ಹಚ್ಚಿದ್ದರೆ ಸೆಪ್ಟೆಂಬರ್ ಮಳೆಗೆ ಎಲ್ಲ ಕೊಳೆಯುತ್ತಿತ್ತು.

ನಂತರ ಮಣ್ಣು. ನಮ್ಮ ಕಡೆ ಬಹುತೇಕ ಎರೆ ಮಣ್ಣೇ, ಅಂದರೆ ಜಿಗುಟಾದ ಕಪ್ಪು ಮಣ್ಣು. ಬೆಳಿಗ್ಗೆ 7 ಗಂಟೆಗೆ ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಒಂದು ಕಡ್ಡಿ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಮರುದಿನ ಬೆಳಿಗ್ಗೆ ಹೋದರೆ ತಳದಲ್ಲಿ ಇನ್ನೂ 3 ಇಂಚು ನೀರು ನಿಂತಿತ್ತು. ಗೋಡೆಯ ಮಣ್ಣು ಹಿಡಿದರೆ ಬೆಣ್ಣೆಯ ಹಾಗೆ ಬೆರಳಿಗೆ ಅಂಟುತ್ತಿತ್ತು. ಅದೇ ಮಣ್ಣಿನ ಉಂಡೆ ಕಟ್ಟಿ ಬಿಸಿಲಿಗಿಟ್ಟೆ. ನಾಲ್ಕು ದಿನಕ್ಕೆ ಕಲ್ಲಿನಂತಾಗಿ ನಡುವೆ ಬಿರಿದಿತ್ತು. ನೆನೆದರೆ ಉಬ್ಬುವುದು, ಒಣಗಿದರೆ ಸೀಳುವುದು, ಇದೇ ಈ ಮಣ್ಣಿನ ಗುಣ. ಪರೀಕ್ಷೆಗೆ ಕಳಿಸಿದ್ದ ಮಣ್ಣಿನ ಪಿಎಚ್ 8.4 ಬಂತು. ಕ್ಷಾರ ಜಾಸ್ತಿ.

ಈ ಮಣ್ಣು ನನಗೆ ಒಮ್ಮೆ ಸರಿಯಾದ ಪಾಠ ಕಲಿಸಿದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಯಲ್ಲಿ ಎರೆಯ ಮೇಲೆ ಬರೀ ಮರಳು ಹರಡಿ ಶಹಾಬಾದ್ ಫರ್ಸಿ ಹಾಸಿಸಿದ್ದೆ. ಮೊದಲ ಮಳೆಗಾಲಕ್ಕೆ ಕಲ್ಲುಗಳು ಎದ್ದು ನಿಂತವು, ಬೇಸಿಗೆಗೆ ಸಂದುಗಳು ಬಾಯಿ ಬಿಟ್ಟವು. ಪೂರ್ತಿ ಕಿತ್ತು ನನ್ನ ಖರ್ಚಲ್ಲೇ ಮತ್ತೆ ಹಾಕಿಕೊಟ್ಟೆ. ಹಾಗಾಗಿ ಈಗ ಎರೆಯನ್ನು ಒಂದೂವರೆ ಅಡಿ ತೆಗೆಸದೆ ಫರ್ಸಿ ಮುಟ್ಟುವುದಿಲ್ಲ. ಆ ಜಾಗಕ್ಕೆ ಮುರುಮ್, ಅಂದರೆ ಗರಸು ಮಣ್ಣು ಹಾಕಿ, 6 ಇಂಚಿಗೊಮ್ಮೆ ನೀರು ಬಿಟ್ಟು ದಮ್ಮಸು ಹೊಡೆಸುತ್ತೇನೆ. ಖರ್ಚು ಹೆಚ್ಚು ಅಂತ ಮನೆಯವರು ಮುಖ ಸಣ್ಣ ಮಾಡುತ್ತಾರೆ. ಇದರಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಬೇಕಾದರೆ ದೀಪ, ಕುಂಡ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಬಿಸಿಲಿನ ಲೆಕ್ಕವೂ ಹಾಳೆಯ ಮೇಲೆ ಬರಬೇಕು. ಪೂರ್ವದ ಮನೆಗೆ ಸಂಜೆ ಹೊತ್ತು ಮುಂದಿನ ಅಂಗಳಕ್ಕೆ ಮನೆಯದೇ ನೆರಳು ಬೀಳುತ್ತದೆ. ಕೂಡುವ ಜಾಗ ಅಲ್ಲೇ ಅಂತ ನಿರ್ಧಾರವಾಯಿತು. ಹಿಂದಿನ ಪಶ್ಚಿಮ ಗೋಡೆ ಕಾದು ಮಲಗುವ ಕೋಣೆ ಒಲೆಯಂತಾಗುತ್ತಿತ್ತು. ಗೋಡೆಯಿಂದ ಒಂದಡಿ ಬಿಟ್ಟು ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮಧುಮಾಲತಿ ಹಬ್ಬಿಸಿದೆ. ಉತ್ತರದ ಕಡೆ ಯಾವಾಗಲೂ ನೆರಳು ಅಂತ ಜನ ತಿಳಿಯುತ್ತಾರೆ. ನಮ್ಮೂರಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ಮೇ ಬಿಸಿಲಿಗೆ ನೆರಳಿನ ಗಿಡಗಳು ಸುಟ್ಟೇ ಹೋಗುತ್ತವೆ. ಅಲ್ಲಿ ನಾನು ಗಿಡ ಹಾಕಲಿಲ್ಲ, ಬಟ್ಟೆ ಒಣಹಾಕುವ ತಂತಿ ಕಟ್ಟಿಸಿದೆ.

ಲಾನ್ ವಿಷಯಕ್ಕೆ ಬರೋಣ. ಸರ್ ಎದುರು ಕೂತು ಲೆಕ್ಕ ಬರೆದೆ. ಸಾವಿರ ಚದರಡಿ ಹುಲ್ಲಿಗೆ ಬಿರುಬೇಸಿಗೆಯಲ್ಲಿ ದಿನಕ್ಕೆ ಸುಮಾರು 500 ಲೀಟರ್ ನೀರು ಬೇಕು. ಅವರು ಕಾಗದ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಎಷ್ಟು ಇಡೂಣ್ರಿ?" ಅಂದರು. 12 ಅಡಿಗೆ 15 ಅಡಿ ಇಟ್ಟೆವು. ದಿನಕ್ಕೆ 90 ಲೀಟರ್ ಹತ್ತಿರ. ಹುಲ್ಲೂ ಗರಿಕೆಯದೇ. ಒಣಗಿದರೂ ಮತ್ತೆ ಚಿಗುರುತ್ತದೆ, ಅವ್ವನಿಗೆ ಚೌತಿಯ ಪೂಜೆಗೂ ಆಗುತ್ತದೆ.

ಕರಡು ನಕ್ಷೆ ಮುಗಿದ ಮೇಲೆ ನಾನು ಅದನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಬಿಡಿಸುತ್ತೇನೆ. ಹಾಳೆಯಲ್ಲಿ ಒಪ್ಪಿಗೆ ಕೊಟ್ಟವರು ನೆಲದ ಮೇಲೆ ಬೇರೆಯೇ ಮಾತಾಡುತ್ತಾರೆ. ನನ್ನ ನಕ್ಷೆಯಲ್ಲಿ ಕಾಲುದಾರಿ ಹುಲ್ಲನ್ನು ಬಳಸಿ ಅಂದವಾಗಿ ತಿರುಗಿತ್ತು. ಮರುದಿನ ಅವ್ವ ಹೂವಿನ ಬುಟ್ಟಿ ಹಿಡಿದು ಬಾಗಿಲಿಂದ ಹೊರಟವರು ನನ್ನ ಗೆರೆ ದಾಟಿ ನೇರ ಮಲ್ಲಿಗೆ ಬಳ್ಳಿಯ ಜಾಗಕ್ಕೆ ನಡೆದರು. "ತಮ್ಮಾ, ನಾ ಇಷ್ಟು ಸುತ್ತ ಹಾಕಿ ಯಾಕ ಬರ್ಲಿ? ಮೊಣಕಾಲು ನೂಸ್ತಾವ." ಸುಣ್ಣದ ಮೇಲೆ ಅವರ ಹೆಜ್ಜೆ ಸಾಲಾಗಿ ಮೂಡಿದ್ದವು. ಗೆರೆ ಅಳಿಸಿ ಆ ಹೆಜ್ಜೆಗಳ ಮೇಲೇ ದಾರಿ ಎಳೆದೆ. ಮೆಟ್ಟಿಲ ಬದಲು ಇಳಿಜಾರು, ಪಕ್ಕಕ್ಕೆ ಹಿಡಿಕೆ. ಬರಿಗಾಲಲ್ಲಿ ನಡೆಯುವವರು ಅವರು. ಬಿಸಿಲಿಗೆ ಕಾದ ಫರ್ಸಿ ಅಂಗಾಲು ಸುಡುತ್ತದೆ, ಅದಕ್ಕೆ ದಾರಿಯನ್ನು ಆದಷ್ಟು ಮರದ ನೆರಳಿಗೆ ತಂದೆ.

ಬೇವನ್ನು ಕಡಿಸಬೇಕು ಅಂತ ಮನೆಯಾಕೆಗೆ ಇತ್ತು. ಎಲೆ ಗುಡಿಸಿ ಸಾಕಾಗಿದೆ ಅಂತ. ಆದರೆ ಅದು ಮನೆಯಿಂದ 18 ಅಡಿ ದೂರ ಇತ್ತು, ಅಡಿಪಾಯಕ್ಕೆ ತೊಂದರೆ ಕಾಣಲಿಲ್ಲ. ಅಂಥ ನೆರಳು ಹೊಸದಾಗಿ ಬರಲು ಹತ್ತು ವರ್ಷ ಬೇಕು. ನಾನು ಆ ಮರಕ್ಕಾಗಿ ನಿಜಕ್ಕೂ ಬೇಡಿಕೊಂಡೆ. ಉಳಿಯಿತು. ಆದರೆ ಇನ್ನೊಂದು ತೊಡಕು. ನೀರು ಹೊರಗೆ ಹೋಗಬೇಕಾದರೆ ಮನೆ ಹತ್ತಿರ ಅಂಗಳವನ್ನು 10 ಇಂಚು ಏರಿಸಿ, ಪ್ರತಿ 4 ಅಡಿಗೆ 1 ಇಂಚಿನಂತೆ ಗೇಟಿನ ಕಡೆ ಇಳಿಸಬೇಕು. ಮರದ ಬುಡದಲ್ಲಿ ಹೀಗೆ ಮಣ್ಣು ಏರಿಸಿದರೆ ಬೇರಿಗೆ ಗಾಳಿ ಸಿಗದೆ ಮರ ನಿಧಾನವಾಗಿ ಸಾಯುತ್ತದೆ. ಬುಡಕ್ಕೇ ಅಂಟಿಸಿ ಕಟ್ಟೆ ಕಟ್ಟುವುದೂ ಅಷ್ಟೇ ಕೆಟ್ಟದ್ದು. ಹಾಗಾಗಿ ಬುಡದಿಂದ 3 ಅಡಿ ಬಿಟ್ಟು ದುಂಡಗೆ ಕಟ್ಟೆ ಕಟ್ಟಿದೆವು. ಒಳಗೆ ಹಳೆಯ ಮಟ್ಟವನ್ನೇ ಉಳಿಸಿದೆ. ಅಲ್ಲಿ ನೀರು ನಿಲ್ಲದಂತೆ ತಳದಿಂದ 2 ಇಂಚಿನ ಪೈಪ್ ಕಂಪೌಂಡ್ ಪಕ್ಕದ ಕಾಲುವೆಗೆ, ಅಲ್ಲಿಂದ ರಸ್ತೆಯ ಚರಂಡಿಗೆ. ಈಗ ಸಂಜೆ ಎಲ್ಲರೂ ಆ ಕಟ್ಟೆಯ ಮೇಲೇ ಇರುತ್ತಾರೆ.

ಛಾವಣಿಯ ನೀರನ್ನು ಸೋಸಿ ಸಂಪಿಗೆ ಬಿಟ್ಟೆವು. 1,920 ಚದರಡಿ ಛಾವಣಿಗೆ ಒಂದು ಇಂಚು ಮಳೆ ಬಿದ್ದರೆ 4,000 ಲೀಟರಿಗೂ ಜಾಸ್ತಿ ಬರುತ್ತದೆ. ಅಡಿಪಾಯದ ಪಕ್ಕ ಇಂಗುಗುಂಡಿ ಮಾತ್ರ ಬೇಡ ಅಂದೆ. ಎರೆ ಉಬ್ಬಿದರೆ ಗೋಡೆಯೇ ಬಿರುಕು ಬಿಡುತ್ತದೆ.

ಅಂದಾಜು ಪಟ್ಟಿ, ಮೂರು ಕಂತಿನ ಹಣ, ಇವೆಲ್ಲ ಮೊದಲೇ ಬರೆದು ಸಹಿ ಮಾಡಿಸಿಕೊಂಡೆ. ಕಲ್ಲಿನ ಕೆಲಸ ಫೆಬ್ರವರಿಯಿಂದ ಮೇ ತನಕ. ಫರ್ಸಿ ಹಾಸುವ ಮೊದಲೇ ಅದರ ಕೆಳಗೆ ಖಾಲಿ ಪೈಪ್ ಹೂಳಿಸಿದೆ, ಮುಂದೆ ನೀರಿಗೋ ಕರೆಂಟಿಗೋ ಅಗೆಯಬಾರದು ಅಂತ. ಜೂನ್ ಕೊನೆಗೆ ನೆಲ ನೆನೆದ ಮೇಲೆ ಗಿಡ. ದಕ್ಷಿಣಕ್ಕೆ, ಅಡುಗೆಮನೆ ಪಕ್ಕ, ಕರಿಬೇವು, ನುಗ್ಗೆ, ಪಾತ್ರೆ ತೊಳೆದ ನೀರಿಗೆ ಬಾಳೆ. ಹಿಂದೆ ಸೀತಾಫಲ. ಮುಂದೆ ದೇವಕಣಗಿಲೆ, ಮಲ್ಲಿಗೆ, ಕಾಗದದ ಹೂವು. ಎಲ್ಲ ಪಾತಿಗಳೂ ನೆಲದಿಂದ ಒಂದಡಿ ಎತ್ತರ. ಮೇಲೆ 3 ಇಂಚು ತೊಗರಿ ಹೊಟ್ಟಿನ ಹೊದಿಕೆ. ತೊಗರಿ ನಾಡಲ್ಲಿ ಇದಕ್ಕೇನು ಬರವಿಲ್ಲ ಅಲ್ವಾ? ಗೆದ್ದಲು ಏರದಂತೆ ಗಿಡದ ಬುಡದಿಂದ, ಮನೆ ಗೋಡೆಯಿಂದ ಸ್ವಲ್ಪ ದೂರ ಇಡಬೇಕು.

ಗಿಡ ಹಚ್ಚಿ ಬಿಟ್ಟುಬರುವುದಿಲ್ಲ ನಾನು. ಒಂದು ವರ್ಷ ತಿಂಗಳಿಗೊಮ್ಮೆ ಹೋಗುತ್ತೇನೆ. ಡಿಸೆಂಬರ್ ಹೊತ್ತಿಗೆ ದಾಸವಾಳದ ಎಳೆ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಕಾಣತೊಡಗಿದವು. ಕ್ಷಾರದ ಮಣ್ಣಲ್ಲಿ ಗಿಡಕ್ಕೆ ಕಬ್ಬಿಣದಂಶ ಸಿಗದಿದ್ದರೆ ಹೀಗಾಗುತ್ತದೆ. ಪಿಎಚ್ 8.4 ಅಂತ ಗೊತ್ತಿದ್ದೂ ನೆಲದಲ್ಲಿ ಹಾಕಿದ್ದು ನನ್ನ ತಪ್ಪು. ಅವ್ವ ದೇವರಿಗೆ ಕೆಂಪು ದಾಸವಾಳವೇ ಬೇಕು ಅಂದಿದ್ದರು. ಬೀದರ್ ಕಡೆಯ ಕೆಂಪು ಮಣ್ಣು ತರಿಸಿ, ಗೊಬ್ಬರ ಬೆರೆಸಿ, ಮೂರು ದೊಡ್ಡ ಕುಂಡಗಳಿಗೆ ಗಿಡಗಳನ್ನು ಎಬ್ಬಿಸಿ ಹಾಕಿದೆ. ಅವಕ್ಕೆ ಬೋರಿನ ನೀರು ಬೇಡ, ಸಂಪಿನ ಮಳೆನೀರು ಮಾತ್ರ ಹಾಕಿ ಅಂತ ಹೇಳಿ ಬಂದೆ. ಫೆಬ್ರವರಿಯಲ್ಲಿ ಹೋದಾಗ ಎರಡು ಗಿಡ ಹಸಿರಾಗಿ ಚಿಗುರಿದ್ದವು. ಮೂರನೆಯದು ಬದುಕಲಿಲ್ಲ. ಅದರ ಕುಂಡದಲ್ಲಿ ಅವ್ವ ತುಳಸಿ ನೆಟ್ಟಿದ್ದರು.